ಬಲ್ಯಪ್ಪನ ಕೋವಿಗೊಂದು ಕಾರಣ

ಲೊರೆಶೋ

ಬಳ್ಳಿಯ ಎಲೆಯೊಂದರ ತುದಿ ಸುರುಳಿಯಾಗಿ, ಕಾಂಪೌಂಡ್ ಗೋಡೆಯ ಮೇಲಿನ ವಿದ್ಯುತ್ ಬೇಲಿಯ ತಂತಿಯನ್ನು ಎರಡು ಸುತ್ತು ಸುತ್ತಿ ಹಿಡಿದಿತ್ತು. ಅದರ ಮೇಲೆ ಒಂದೇ ಹೂ. ದಳಗಳ ಬುಡ ಹಳದಿ, ತುದಿ ಕೆಂಪು, ಗಾಳಿಗೆ ಮುಖ ಕೊಟ್ಟು ನಿಂತವರ ಕೂದಲಿನಂತೆ ಎಲ್ಲವೂ ಹಿಂದಕ್ಕೆ ಬಾಗಿದ್ದವು. ನಾನು ಕೈ ಚಾಚಿದೆ.

"ಮುಟ್ಟಬೇಡ ದೇಚು, ಕರೆಂಟ್ ಹೊಡೀತದೆ" ಎಂದರು ಬಲ್ಯಪ್ಪ.

"ಬಳ್ಳಿಗೆ ಹೊಡೆಯೋದಿಲ್ವಾ?"

"ಅದು ಈ ಊರಿನದ್ದೇ. ಅದಕ್ಕೆ ಅಭ್ಯಾಸ ಆಗಿದೆ."

ಬಯಲುಸೀಮೆಯಲ್ಲಿ ಗೌರಿ ಹೂ ಎಂದು ಕರೆಯುವ ಆ ಹೂವಿಗೆ ನಮ್ಮ ಕೊಡಗಿನಲ್ಲಿ ತೋಕ್‌ಪೂ ಎನ್ನುತ್ತೇವೆ. ತೋಕ್ ಎಂದರೆ ಕೋವಿ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದ ದಿನ ಕೊಡವರು ಮನೆಯ ಆಯುಧಗಳನ್ನು ಒರೆಸಿ, ದೇವರ ಕೋಣೆಯಲ್ಲಿ ಸಾಲಾಗಿ ಇಟ್ಟು, ಕೋವಿಯ ನಳಿಗೆಯ ಬಾಯಿಗೆ ಈ ಹೂವನ್ನು ಸಿಕ್ಕಿಸುತ್ತಾರೆ. ಅದನ್ನು ನೈರೋಬಿಯಲ್ಲಿ ಕಾಣುತ್ತೇನೆಂದು ನಾನು ಎಣಿಸಿರಲಿಲ್ಲ.

೨೦೦೬ರ ಆಗಸ್ಟ್ ಕೊನೆಯ ವಾರ. ಮೈಸೂರಿನಲ್ಲಿ ಕಾನೂನು ಪದವಿ ಮುಗಿಸಿ ಕೆಲಸಕ್ಕೆ ಸೇರುವ ಮುಂಚೆ ಸಿಕ್ಕ ಬಿಡುವಿನಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಬಲ್ಯಪ್ಪ ಎಂದರೆ ದೊಡ್ಡಪ್ಪ, ನನ್ನ ತಂದೆಯ ಅಣ್ಣ. ಥೀಕಾ ಕಡೆಯ ಕಾಫಿ ತೋಟವೊಂದರಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಯಂತ್ರಗಳ ಎಂಜಿನಿಯರಾಗಿ ಬಂದವರು, ನಿವೃತ್ತರಾಗಿ ಹೆಂಡತಿ ಬಲ್ಯವ್ವನ ಜೊತೆ ನೈರೋಬಿಯ ಲೊರೆಶೋ ಬಡಾವಣೆಯ ಈ ಸಣ್ಣ ಮನೆಯಲ್ಲಿ ನೆಲೆಸಿದ್ದರು. ಹಬ್ಬಕ್ಕೆ ಬಾ ಎಂದು ಅವರೇ ಕರೆದಿದ್ದರು.

ವಿಮಾನ ನಿಲ್ದಾಣದ ಅಧಿಕಾರಿ ನಾನು ಬಂದ ಕಾರಣ ಕೇಳಿದಾಗ "ಸಂಬಂಧಿಕರ ಮನೆಗೆ" ಎಂದೆ. "ಏನು ವಿಶೇಷ?" ಎಂದ. "ಹಬ್ಬ" ಎಂದೆ. "ಯಾವ ಹಬ್ಬ?" ಎಂದು ಕೇಳುವಷ್ಟರಲ್ಲಿ ನನ್ನ ಪುಣ್ಯಕ್ಕೆ ಹಿಂದಿನವರ ಮಗು ಅತ್ತಿತು. ಕೇಳಿದ್ದಕ್ಕೆ ಅರ್ಧ ಹೇಳಿ ಸುಮ್ಮನಾಗುವುದು ನನ್ನ ಸ್ವಭಾವ. ಪೂರ್ತಿ ಹೇಳಿ ಪೇಚಿಗೆ ಸಿಕ್ಕಿಕೊಳ್ಳುವುದು ಬಲ್ಯಪ್ಪನದು. ಈ ಪ್ರವಾಸದ ಕಥೆಯೆಲ್ಲ ಇಷ್ಟೇ ಎಂದರೂ ನಡೆದೀತು.

ಪೆಟ್ಟಿಗೆ ತೆರೆದಾಗ ಹಂದಿ ಮಾಂಸದ ಸಾರಿಗೆಂದು ತಂದಿದ್ದ ಕಾಚಂಪುಳಿ ಎಂಬ ಕಪ್ಪು ಹುಳಿರಸದ ಬಾಟಲಿ ಸೋರಿ ನನ್ನ ಬಿಳಿ ಕುರ್ತಾಗಳೆಲ್ಲ ಕಪ್ಪಾಗಿದ್ದವು. ಬಲ್ಯವ್ವ ಬಟ್ಟೆಯನ್ನು ಮೂಸಿ, ಕಣ್ಣು ಮುಚ್ಚಿ, "ಆಹಾ, ಇದನ್ನ ಹಿಂಡಿದ್ರೂ ಸಾರು ಆಗ್ತದೆ" ಎಂದರು. ಅಲ್ಲಿದ್ದಷ್ಟು ದಿನವೂ ನಾನು ಬಲ್ಯವ್ವನ ಹೂಹೂವಿನ ಅಂಗಿಗಳಲ್ಲೇ ಓಡಾಡಿದೆ.

ಗೇಟಿನ ಒಳಗೆ, ಗೇಟಿನ ಹೊರಗೆ

ಕೊಡಗಿನ ನಮ್ಮ ಮನೆಯಲ್ಲಿ ಕೋವಿ ಗೋಡೆಯ ಮೇಲೆ, ಕ್ಯಾಲೆಂಡರ್ ಪಕ್ಕದಲ್ಲಿ ಇತ್ತು. ದೇಶದ ಉಳಿದವರು ಕೋವಿ ಕೊಳ್ಳಲು, ಇಟ್ಟುಕೊಳ್ಳಲು, ಹೊರಗೆ ಒಯ್ಯಲು ಅರ್ಜಿ ಹಾಕಬೇಕು, ಕಾರಣ ಕೊಡಬೇಕು, ಪೊಲೀಸರ ವಿಚಾರಣೆಗೆ ಕಾಯಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಆ ಪರವಾನಗಿಯಿಂದ ವಿನಾಯಿತಿ. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು. ಊರಿನವರು ಸದ್ದು ಎಣಿಸಿ, ಸಿಹಿ ತಿನ್ನಲು ಹೊರಡಬೇಕೋ ಅಳಲು ಹೊರಡಬೇಕೋ ತಿಳಿದುಕೊಳ್ಳುತ್ತಾರೆ. ಕಾನೂನು ತರಗತಿಯಲ್ಲಿ ಸಹಪಾಠಿಗಳು "ನಿಮ್ಮನೇಲಿ ನಿಜವಾಗ್ಲೂ ಗನ್ ಇದ್ಯಾ?" ಎಂದು ಕಣ್ಣರಳಿಸಿದಾಗ "ಇದೆ" ಎಂದಷ್ಟೇ ಹೇಳಿ ಪುಟ ತಿರುಗಿಸುತ್ತಿದ್ದೆ.

ನೈರೋಬಿಯಲ್ಲಿ ಎಲ್ಲ ತಿರುವುಮುರುವು. ಪ್ರತಿ ಮನೆಗೂ ಗೇಟು, ಗೇಟಿಗೊಬ್ಬ ಕಾವಲುಗಾರ, ಅವನ ಕೈಯಲ್ಲಿ ಗುಂಡುತಲೆಯ ಮರದ ದೊಣ್ಣೆ. ನಮ್ಮೂರಿನ ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆ ಹಿಡಿದು ತೂಕಡಿಸುವ ನಿವೃತ್ತ ಸೈನಿಕನನ್ನು ನೋಡಿ ಬೆಳೆದ ನಾನು, "ಇವರಿಗೆ ಕೋವಿ ಯಾಕೆ ಕೊಟ್ಟಿಲ್ಲ?" ಎಂದು ಕೇಳಿದೆ. ಖಾಸಗಿ ಕಾವಲುಗಾರರು ಬಂದೂಕು ಹಿಡಿಯುವಂತಿಲ್ಲ, ಬ್ಯಾಂಕಿಗೆ ಬೇಕಾದರೆ ಪೊಲೀಸರೇ ಬರಬೇಕು ಎಂದರು ಬಲ್ಯಪ್ಪ. ಇಲ್ಲಿ ಗುಂಡಿನ ಸದ್ದು ಕೇಳಿದರೆ ಯಾರೂ ಎಣಿಸುವುದಿಲ್ಲ. ಗೋಡೆಯ ಮೇಲಿನ ಅಲಾರಂ ಗುಂಡಿ ಒತ್ತುತ್ತಾರೆ, ಅಷ್ಟೇ.

ಬಲ್ಯಪ್ಪನ ಕೋವಿ ಇದ್ದದ್ದು ಮಲಗುವ ಕೋಣೆಯ ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಉಕ್ಕಿನ ಕಪಾಟಿನಲ್ಲಿ. ಕೀಲಿ ಅವರ ಸೊಂಟದಲ್ಲಿ. ಬಲ್ಯವ್ವನಿಗೂ ಅದನ್ನು ಮುಟ್ಟುವ ಹಕ್ಕಿಲ್ಲ. ತೋಟದ ಹಳೆಯ ದೊರೆ ದೇಶ ಬಿಡುವಾಗ ಮಾರಿದ ಜೋಡುನಳಿಗೆ ಅದು. ಕಾಫಿ ತೋಟಕ್ಕೆ ನುಗ್ಗುವ ಕೋತಿ ಜಾತಿಯ ಬಬೂನ್‌ಗಳನ್ನು ಬೆದರಿಸಲು ಎಂಬ ಕಾರಣಕ್ಕೆ ಬಲ್ಯಪ್ಪನಿಗೆ ಪರವಾನಗಿ ಸಿಕ್ಕಿತ್ತು. ವರ್ಷ ವರ್ಷ ನವೀಕರಿಸುತ್ತಾ ಬಂದಿದ್ದರು.

"ಈ ಸಲ ಕಷ್ಟ" ಎಂದರು. "ಹೊಸ ಅಧಿಕಾರಿ ಬಂದಿದ್ದಾರೆ. ಖುದ್ದಾಗಿ ಬಂದು ಕಾರಣ ಹೇಳಿ ಅಂತಾರೆ. ಲೊರೆಶೋದಲ್ಲಿ ಬಬೂನ್ ಎಲ್ಲಿಂದ ತರ್ಲಿ?"

ಸರಿಯಾದ ಕಾರಣ ಇಲ್ಲದಿದ್ದರೆ ಹಬ್ಬಕ್ಕೆ ಮುಂಚೆಯೇ ಕೋವಿಯನ್ನು ಪೊಲೀಸರಿಗೆ ಒಪ್ಪಿಸಬೇಕಿತ್ತು. ಊರಿನಲ್ಲಿರುವ ಮನೆತನದ ಕೋವಿ ನಮ್ಮ ತಂದೆಯ ಬಳಿ ಉಳಿದಿದೆ. ಬಲ್ಯಪ್ಪನ ಪಾಲಿಗೆ ಇದ್ದದ್ದು ಇದೊಂದೇ. ಇದು ಹೋದರೆ ಹೂ ಸಿಕ್ಕಿಸಲು ಏನಿರುತ್ತದೆ ಎಂಬ ಪ್ರಶ್ನೆಯನ್ನು ಅವರು ಬಾಯಿಬಿಟ್ಟು ಕೇಳಲಿಲ್ಲ. ಆದರೂ ಬಲ್ಯವ್ವ ಉತ್ತರ ಕೊಟ್ಟರು.

"ಪೊರಕೆಗೆ ಇಡಿ. ಈ ಮನೇಲಿ ಬಹಳ ಕೆಲಸ ಮಾಡಿದ ಆಯುಧ ಅದೇ."

ಹೈರಿಡ್ಜ್

ಮರುದಿನ ಹೈರಿಡ್ಜ್‌ನ ನಳಿನ್‌ಭಾಯಿಯವರ ಮನೆಗೆ ಹೋದೆವು. ಅಜ್ಜನ ಕಾಲದಿಂದ ನೈರೋಬಿಯಲ್ಲೇ ಇರುವ ಗುಜರಾತಿ ಕುಟುಂಬ. ಬಲ್ಯಪ್ಪನ ಹಳೆಯ ಸ್ನೇಹಿತರು. ಬಾಗಿಲಿಗೆ ಒಂದು ಕಬ್ಬಿಣದ ಜಾಲರಿ, ಮೆಟ್ಟಿಲು ಹತ್ತಿದರೆ ಇನ್ನೊಂದು, ಮಲಗುವ ಕೋಣೆಗಳ ಮುಂದೆ ಮತ್ತೊಂದು. ಎಲ್ಲವನ್ನೂ ತೆರೆದು ಮುಚ್ಚಿ ಕೂರುವಷ್ಟರಲ್ಲಿ ನಳಿನ್‌ಭಾಯಿಗೆ ಉಬ್ಬಸ ಬಂದಿತ್ತು.

"ಇದರಲ್ಲಿ ಯೋಚನೆ ಏನು?" ಎಂದರು ಪರವಾನಗಿಯ ಕಥೆ ಕೇಳಿ, ಚಹಾ ಸುರಿಯುತ್ತಾ. ಅವರ ಹಿಂದಿ, ಇಂಗ್ಲಿಷ್, ಸ್ವಾಹಿಲಿ ಒಂದೇ ಲೋಟದಲ್ಲಿ ಕಲಸಿದ ಹಾಗೆ. "ಕಳ್ಳರ ಭಯ ಅಂತ ಹೇಳಿ. ಎಲ್ಲರೂ ಅದನ್ನೇ ಹೇಳೋದು. ಸವಾ? ಸರಿ ತಾನೆ? ಮುಗೀತು."

"ನನಗೆ ಭಯ ಇಲ್ಲವಲ್ಲ."

"ಭಯ ಇರಬೇಕಾಗಿಲ್ಲ ಭಾಯಿ, ಹೇಳಿದ್ರೆ ಸಾಕು."

"ಕಳ್ಳ ಬಂದ್ರೆ ಹೊಡೀತೀನಿ ಅಂತ ಹೇಳಬೇಕಲ್ಲ. ನಾನು ಹೊಡೆಯೋದಿಲ್ಲ. ಪೂಜೆಗೆ ಇಡೋ ಕೋವಿ ಹೆಸರಲ್ಲಿ ಸುಳ್ಳು ಹೇಳೋದು ಹ್ಯಾಗೆ?"

ನಳಿನ್‌ಭಾಯಿ ನನ್ನ ಕಡೆ ತಿರುಗಿದರು. "ಬೇಟಿ, ನೀನು ವಕೀಲೆ. ನೀನಾದ್ರೂ ಹೇಳು."

ನಾನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದೆ. ಸುಳ್ಳು ಹೇಳಿ ಎನ್ನುವುದು ಓದಿದ ಕಾನೂನಿಗೆ ಸರಿಯಲ್ಲ. ಹೇಳಬೇಡಿ ಎಂದರೆ ಕೋವಿ ಹೋಗುತ್ತದೆ. ಯೋಚಿಸುವಷ್ಟರಲ್ಲಿ ಬಿಸ್ಕತ್ತು ಮುರಿದು ತಳ ಸೇರಿತು.

ಪೊಲೀಸ್ ಕಚೇರಿ

ಇನ್ಸ್‌ಪೆಕ್ಟರ್ ವಂಬುಯಿ ಎಂಬ ಆ ಅಧಿಕಾರಿ ಹೆಂಗಸು. ಬಿಗಿಯಾಗಿ ಹೆಣೆದ ಸಣ್ಣ ಸಣ್ಣ ಜಡೆಗಳು, ಇಸ್ತ್ರಿ ಗೆರೆ ಬೆರಳು ಕೊಯ್ಯುವಂತಿದ್ದ ಸಮವಸ್ತ್ರ. "ಕರಿಬು, ಮ್ಜೇ" ಎಂದು ಸ್ವಾಗತಿಸಿದರು. ಹಿರಿಯರೇ, ಬನ್ನಿ ಎಂದು ಅದರ ಅರ್ಥ. ನೈರೋಬಿಯಲ್ಲಿ ವಯಸ್ಸಾದವರನ್ನು ಕಚೇರಿಯಲ್ಲೂ ಹೀಗೇ ಕರೆಯುತ್ತಾರೆ. ನಮ್ಮಲ್ಲಿ ಕೌಂಟರ್‌ನ ಆಚೆಯಿಂದ "ಏನ್ರೀ" ಎಂದು ಕೇಳಿಸಿಕೊಂಡು ಬೆಳೆದ ನನಗೆ ಅದೇ ಒಂದು ಸತ್ಕಾರ ಎನಿಸಿತು. ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು.

"ಇಲ್ಲಿ ಕಾರಣ ಬಬೂನ್ ಎಂದಿದೆ. ಈಗ ಬಬೂನ್ ಇವೆಯೇ?"

"ಇಲ್ಲ."

"ಕಳ್ಳರು?"

"ಇದ್ದಾರೆ. ಎಲ್ಲ ಊರಲ್ಲೂ ಇದ್ದಾರೆ."

"ಹಾಗಾದರೆ ಆತ್ಮರಕ್ಷಣೆ ಎಂದು ಬರೆದುಕೊಳ್ಳುತ್ತೇನೆ." ಅವರ ಪೆನ್ನು ಕಾಗದ ಮುಟ್ಟಿತು. ಬಲ್ಯಪ್ಪ ಸುಮ್ಮನಿದ್ದಿದ್ದರೆ ನಾವು ಊಟದ ಹೊತ್ತಿಗೆ ಮನೆಯಲ್ಲಿರುತ್ತಿದ್ದೆವು.

"ಬೇಡ ಮೇಡಂ. ಮನುಷ್ಯರಿಗೆ ನಾನು ಹೊಡೆಯುವುದಿಲ್ಲ. ಕಳ್ಳ ಬಂದರೆ ಟಿವಿ ಕೊಟ್ಟು ಕಳಿಸುತ್ತೇನೆ. ಹಳೇ ಟಿವಿ."

ಪೆನ್ನು ಮೇಲೆದ್ದಿತು. "ಮತ್ತೆ ಕೋವಿ ಯಾಕೆ?"

"ಪೂಜೆಗೆ."

ಪಕ್ಕದ ಮೇಜಿನಲ್ಲಿ ಟೈಪು ಮಾಡುತ್ತಿದ್ದ ಸದ್ದು ನಿಂತಿತು.

"ಕೋವಿಯನ್ನು ಇಟ್ಟುಕೊಂಡು ಪ್ರಾರ್ಥನೆ ಮಾಡುತ್ತೀರಾ?"

"ವರ್ಷಕ್ಕೊಮ್ಮೆ. ಒರೆಸಿ, ಗಂಧ ಹಚ್ಚಿ, ಬಾಯಿಗೆ ಹೂ ಇಡುತ್ತೇವೆ."

"ಆಗ ಕೋವಿ ಏನು ಮಾಡುತ್ತದೆ?"

"ಏನೂ ಇಲ್ಲ. ಹೂ ಇಟ್ಟುಕೊಂಡು ನಿಂತಿರುತ್ತದೆ."

ಇನ್ಸ್‌ಪೆಕ್ಟರ್ ನಕ್ಕರು. ಗೇಲಿಯ ನಗುವಲ್ಲ, ಆದರೆ ದೀರ್ಘವಾದ ನಗು. ಕಣ್ಣೊರೆಸಿಕೊಂಡು ಹೇಳಿದರು: "ಮ್ಜೇ, ಇಷ್ಟು ಒಳ್ಳೆಯ ಕಾರಣ ನನಗೆ ಈವರೆಗೆ ಯಾರೂ ಹೇಳಿಲ್ಲ. ಆದರೆ ಕಾನೂನಿನಲ್ಲಿ ಹೂವಿಗೆ ಜಾಗವಿಲ್ಲ. ಬೇಟೆಯಂತೂ ಈ ದೇಶದಲ್ಲಿ ನಿಂತು ದಶಕಗಳಾದವು. ಕಾರಣವಿಲ್ಲದ ಕೋವಿಯನ್ನು ನಾನು ನಿಮ್ಮ ಮನೆಯಲ್ಲಿ ಬಿಡಲಾರೆ."

ಬಲ್ಯಪ್ಪ ತಲೆಯಾಡಿಸಿದರು. ಅವರ ಕೈ ತಾನಾಗಿ ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡಿತು. ಆಗ ನಾನು ಮಾತಾಡಿದೆ. ಕಚೇರಿಗಳಲ್ಲಿ ಕೇಳದೆ ಮಾತಾಡುವ ಅಭ್ಯಾಸ ನನಗಿಲ್ಲ.

"ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತಾರೆ. ಸ್ಪರ್ಧೆ."

"ಯಾರು?"

"ಎಲ್ಲರೂ. ಗಂಡಸರು, ಹೆಂಗಸರು."

"ನೀನೂ?"

"ಹೊಡೆದಿದ್ದೇನೆ."

"ತಾಗಿತೇ?"

"ಕೆಲವು ಸಲ." ಮನೆಯ ಷೋಕೇಸಿನಲ್ಲಿರುವ, ನಾನು ಗೆದ್ದ ಬಹುಮಾನದ ಕಪ್ಪುಗಳ ವಿಷಯ ಹೇಳಲಿಲ್ಲ.

ಅವರು ಕುರ್ಚಿಗೆ ಒರಗಿದರು. "ಅದನ್ನು ಮೊದಲೇ ಹೇಳಬಾರದೇ? ಅದು ಗುರಿ ಹೊಡೆಯುವ ಆಟ. ಆಟ ಒಂದು ಕಾರಣ." ಆದರೆ ಆಟವನ್ನು ಮನೆಯ ಹಿತ್ತಲಲ್ಲಿ ಆಡುವಂತಿಲ್ಲ. ಅಧಿಕೃತ ಗುರಿಮೈದಾನದಲ್ಲಿ ಹೊಡೆಯಬೇಕು. ಈತನ ಕೈಯಲ್ಲಿ ಕೋವಿ ಇರಬಹುದು ಎಂದು ಅಲ್ಲಿಯ ತರಬೇತುದಾರ ಒಪ್ಪಬೇಕು. ಹೊರಡುವಾಗ ನನ್ನನ್ನು ಕರೆದು ಬೆರಳೆತ್ತಿ ಹೇಳಿದರು: "ಪರವಾನಗಿ ಮ್ಜೇಯ ಹೆಸರಲ್ಲಿದೆ. ನೀನು ಆ ಕೋವಿಯನ್ನು ಮುಟ್ಟಬಾರದು. ಒರೆಸಲಿಕ್ಕೂ ಇಲ್ಲ."

ಕಾರಿನಲ್ಲಿ ಬಲ್ಯಪ್ಪ "ಕುಂಞಿ" ಎಂದರು. ಮಗು ಎನ್ನುವುದಕ್ಕೆ ನಮ್ಮ ಮಾತು ಅದು. "ನಾನು ತೆಂಗಿನಕಾಯಿಗೆ ಹೊಡೆದು ಎಷ್ಟು ವರ್ಷ ಆಯ್ತು ಗೊತ್ತಾ? ಈಗ ಬಲಗಣ್ಣಿಗೆ ಪೊರೆ. ಹೊಡೆಯಲಿಕ್ಕಾಗದೆ ಹೋದ್ರೆ ಇದೂ ಸುಳ್ಳೇ ಆಗ್ತದೆ."

ಸಿಟಿ ಪಾರ್ಕ್ ಮಾರುಕಟ್ಟೆ

ಗುರಿಗೆ ಸಿಪ್ಪೆ ಸುಲಿಯದ ತೆಂಗಿನಕಾಯಿಯೇ ಆಗಬೇಕೆಂದು ಬಲ್ಯಪ್ಪನ ಹಟ. ಸುಲಿದ ಕಾಯಿ ಸಣ್ಣದಾಗಿ ಕಾಣುತ್ತದೆ ಎಂಬುದು ನಿಜವಾದ ಕಾರಣ. ಮಾರುಕಟ್ಟೆಯಲ್ಲಿ ತರಕಾರಿ ಮಾರುವ ಆಫ್ರಿಕನ್ ಹೆಂಗಸರು ನಮ್ಮನ್ನು ನೋಡಿದೊಡನೆ "ಭೀಂಡಿ, ಕರೇಲಾ, ಕೊತ್ಮೀರ್" ಎಂದು ಗುಜರಾತಿಯಲ್ಲಿ ಕೂಗಿದರು. ಕನ್ನಡದವಳೆಂದು ಹೇಳಿಕೊಳ್ಳಲು ಅವಕಾಶವೇ ಕೊಡಲಿಲ್ಲ. ಮೊಂಬಾಸಾದಿಂದ ಬಂದ ಕಾಯಿಗಳ ರಾಶಿಯಲ್ಲಿ ಬಲ್ಯವ್ವ ಸಿಪ್ಪೆಯಿದ್ದ ದೊಡ್ಡದೊಂದನ್ನು ಆರಿಸಿ, ಅಲ್ಲಾಡಿಸಿ, ಕಿವಿಗಿಟ್ಟು ನೋಡಿದರು.

"ಸುಲಿದು ಕೊಡಲೇ ಮಾಮಾ?" ಎಂದಳು ಮಾರುವವಳು. ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ.

"ಬೇಡ. ನಮ್ಮ ಯಜಮಾನರು ಇದಕ್ಕೆ ಗುಂಡು ಹೊಡೀತಾರೆ."

ಅವಳು ಬಲ್ಯಪ್ಪನನ್ನು ಮೇಲಿಂದ ಕೆಳಗೆ ನೋಡಿ, ಕಾಯಿಯ ಕಡೆ ತಿರುಗಿ, "ಪೋಲೆ" ಎಂದಳು. ಪಾಪ ಎಂದು ಅರ್ಥ. ಯಾರಿಗೆ ಹೇಳಿದಳೋ ತಿಳಿಯಲಿಲ್ಲ.

ಊರಾಚೆಯ ಗುರಿಮೈದಾನ

ಮೈದಾನದ ತರಬೇತುದಾರರ ಹೆಸರು ಒಟಿಯೆನೊ. ಸೈನ್ಯದಿಂದ ನಿವೃತ್ತರಾದ, ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರದ ಮನುಷ್ಯ. ತೆಂಗಿನಕಾಯಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಏನೂ ಕೇಳದೆ, ದೂರದ ಮಣ್ಣಿನ ದಿಬ್ಬದ ಮುಂದಿದ್ದ ಎಣ್ಣೆ ಪೀಪಾಯಿಯ ಮೇಲೆ ಇಟ್ಟು ಬಂದರು.

ಬಲ್ಯಪ್ಪ ಚೀಲದಿಂದ ಕೋವಿ ತೆಗೆದರು. ಹಣೆಗೆ ಮುಟ್ಟಿಸಿಕೊಂಡರು. ತೋಟಾ ತುಂಬುವ ಕೀಲಿನಲ್ಲಿ ಮಧ್ಯಕ್ಕೆ ಮುರಿದು ತೆರೆದು, ಖಾಲಿ ಇದೆಯೇ ಎಂದು ಎರಡೂ ನಳಿಗೆಗಳ ಮೂಲಕ ಆಕಾಶ ನೋಡಿದರು. ಒಟಿಯೆನೊಗೆ ಕೊಡುವಾಗ ಹಾಗೇ ಮುರಿದಿದ್ದಂತೆಯೇ, ಹಿಡಿಯನ್ನು ಮುಂದೆ ಮಾಡಿ ಕೊಟ್ಟರು. ನಮ್ಮ ಮನೆಗಳಲ್ಲಿ ಹೊಡೆಯಲು ಕಲಿಸುವ ಮೊದಲು ಇದನ್ನೇ ಕಲಿಸುತ್ತಾರೆ. ತಪ್ಪಿದರೆ ಅಜ್ಜ ಬೈಯುವುದಿಲ್ಲ, ಆ ವರ್ಷ ಕೋವಿ ಕೊಡುವುದಿಲ್ಲ.

ಮೊದಲ ಗುಂಡಿಗೆ ದಿಬ್ಬದ ಮಣ್ಣು ಹಾರಿತು. ಎರಡನೆಯದಕ್ಕೂ ಅಷ್ಟೇ. ಕನ್ನಡಕ ಒರೆಸಿಕೊಂಡು ಮತ್ತೆ ಹೊಡೆದರು. ಮರದ ಮೇಲಿದ್ದ ಕೊಕ್ಕರೆಯೊಂದು ಬೇಸರದಿಂದ ಎದ್ದು ಹೋಯಿತು. ತೆಂಗಿನಕಾಯಿ ಪೀಪಾಯಿಯ ಮೇಲೆ ಕೂತೇ ಇತ್ತು. ನಾನು ಗೆರೆಯ ಹಿಂದೆ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದೆ. ಸ್ವಲ್ಪ ಎಡಕ್ಕೆ, ಸ್ವಲ್ಪವೇ ಕೆಳಕ್ಕೆ ಎಂದು ನನ್ನ ಭುಜಕ್ಕೆ ಗೊತ್ತಿತ್ತು. ಹೇಳಲಿಲ್ಲ. ಅದು ಅವರ ಗುರಿ.

ತಂದ ತೋಟಾಗಳು ಮುಗಿದವು. ಬಲ್ಯಪ್ಪ ಕೋವಿ ಮುರಿದು, ಖಾಲಿ ಕೊಳವೆಗಳನ್ನು ತೆಗೆದು, ಮತ್ತೆ ಆಕಾಶ ನೋಡಿ, ಆಮೇಲಷ್ಟೇ ನಮ್ಮ ಕಡೆ ತಿರುಗಿದರು.

"ಮ್ಜೇ, ತೆಂಗಿನಕಾಯಿ ಬದುಕಿತು" ಎಂದರು ಒಟಿಯೆನೊ.

"ಹಾಗಾದರೆ ನಾನು ಫೇಲು."

"ಯಾರು ಹೇಳಿದ್ದು? ಇಲ್ಲಿಗೆ ಗುರಿ ತಪ್ಪದ ಹುಡುಗರು ಬರುತ್ತಾರೆ. ಹೊಡೆದು, ಕೋವಿ ಹಿಡಿದುಕೊಂಡೇ ತಿರುಗಿ 'ನೋಡಿದ್ರಾ?' ಎನ್ನುತ್ತಾರೆ. ನಾನು ನೆಲಕ್ಕೆ ಬಿದ್ದು ಮಲಗುತ್ತೇನೆ. ನೀವು ಅಷ್ಟು ಸಲ ತಪ್ಪಿದಿರಿ, ತುಂಬಿದ ಕೋವಿ ಹಿಡಿದು ಒಮ್ಮೆಯೂ ತಿರುಗಲಿಲ್ಲ. ಇವತ್ತು ನನ್ನ ಪ್ಯಾಂಟು ಕೊಳೆಯಾಗಲಿಲ್ಲ. ಇನ್ಸ್‌ಪೆಕ್ಟರಿಗೆ ಹೇಳುತ್ತೇನೆ. ಆದರೆ ಕಣ್ಣಿನ ಪೊರೆ ತೆಗೆಸಿ."

ಹಾಗೆ ಪರವಾನಗಿ ನವೀಕರಣವಾಯಿತು. ಕಾರಣ: ಗುರಿ ಹೊಡೆಯುವ ಆಟ. ಅದನ್ನು ಜೇಬಿಗಿಟ್ಟುಕೊಂಡು ಬರುವಾಗಲೂ ಬಲ್ಯಪ್ಪನ ಮುಖ ಅರಳಲಿಲ್ಲ. "ಆಟ ಅಂತ ಬರೆಸಿದ್ದೇವೆ. ಒಂದು ಕಾಯಿ ಹೊಡೆಯಲಿಕ್ಕಾಗದವನದ್ದು ಎಂಥ ಆಟ?" ಎಂದರು. ಮನೆಯಲ್ಲಿ ಬಲ್ಯವ್ವ ಬಾಗಿಲಲ್ಲೇ ತೆಂಗಿನಕಾಯಿಯನ್ನು ತೆಗೆದುಕೊಂಡು, "ಏನೂ ಆಗಿಲ್ವಲ್ಲ!" ಎಂದರು.

"ಗಾಳಿ ಇತ್ತು."

"ತೆಂಗಿನಕಾಯಿಗೂ ಇತ್ತಲ್ಲ. ಅದು ಅಲ್ಲಾಡಲಿಲ್ಲ."

ಮತ್ತೆ ಲೊರೆಶೋ

ಹಬ್ಬದ ಬೆಳಿಗ್ಗೆ ಗೇಟಿನ ಕಾವಲುಗಾರ ಮುಟುವಾ ಬೇಲಿಯ ಕರೆಂಟು ಆರಿಸಿ, ತನ್ನ ದೊಣ್ಣೆಯಿಂದ ಬಳ್ಳಿ ಬಗ್ಗಿಸಿ ಹೂ ಕಿತ್ತುಕೊಟ್ಟ. ಕಪಾಟಿನ ಹೊರಗಿರುವಷ್ಟು ಹೊತ್ತೂ ಕೋವಿ ಪರವಾನಗಿದಾರನ ವಶದಲ್ಲೇ ಇರಬೇಕು ಎಂದು ನಾನು ನೆನಪಿಸಿದ್ದೆ. ಅದನ್ನು ಬಲ್ಯಪ್ಪ ಅಕ್ಷರಶಃ ಪಾಲಿಸಿದರು. ಕೋವಿಯನ್ನು ಅವರೇ ಒರೆಸಿದರು, ಅವರೇ ಗಂಧ ಹಚ್ಚಿದರು. ಹೂವನ್ನು ನಾನು ಅವರ ಕೈಗೆ ಕೊಟ್ಟೆ, ನಳಿಗೆಗೆ ಅವರು ಸಿಕ್ಕಿಸಿದರು. ಪಕ್ಕದಲ್ಲಿ ಬಲ್ಯವ್ವ, ಯಾರೂ ಕೇಳದೆ, ಆ ತೆಂಗಿನಕಾಯಿಯನ್ನೂ ಇಟ್ಟು ಅದಕ್ಕೂ ಕುಂಕುಮ ಹಚ್ಚಿದರು. "ಯುದ್ಧದಲ್ಲಿ ಗೆದ್ದದ್ದು" ಎಂದರು.

ದೇವರ ಮುಂದೆ ಕುರ್ಚಿ ಹಾಕಿಕೊಂಡು ಬಲ್ಯಪ್ಪ ಕೋವಿಯ ಪಕ್ಕ ಕೂತರು. ಕಡಂಬುಟ್ಟು ಎಂಬ ಅಕ್ಕಿ ಕಡುಬು, ಹಂದಿ ಸಾರು ಅವರಿದ್ದಲ್ಲಿಗೇ ಹೋದವು. ಊಟಕ್ಕೆ ಬಂದ ನಳಿನ್‌ಭಾಯಿ ತಮ್ಮ ತಟ್ಟೆಯ ತರಕಾರಿ ಪಲ್ಯದೊಂದಿಗೆ ಬಾಗಿಲಲ್ಲೇ ನಿಂತು, "ಭಾಯಿ, ಕೋವಿ ನಿಮ್ಮನ್ನ ಕಾಯ್ತಿದೆಯೋ, ನೀವು ಕೋವೀನೋ?" ಎಂದರು. ಒಮ್ಮೆ ಬಚ್ಚಲಿಗೆ ಏಳಬೇಕಾದಾಗ ಬಲ್ಯಪ್ಪ ಕೋವಿಯನ್ನು ಹೂವಿನ ಸಮೇತ ಕಪಾಟಿಗಿಟ್ಟು, ಬೀಗ ಹಾಕಿ ಹೋಗಿ, ಬಂದು ಮತ್ತೆ ತೆಗೆದಿಟ್ಟರು. ಎಲ್ಲರೂ ನಕ್ಕೆವು, ಅವರೂ ನಕ್ಕರು. ಆದರೆ ಕಣ್ಣು ಆಗಾಗ ಆ ತೆಂಗಿನಕಾಯಿಯ ಕಡೆ ಹೋಗಿ ಬರುತ್ತಿತ್ತು.

ಮರುದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಎದ್ದೆ. ದೋಸೆಗೆ ಚಟ್ನಿ ಬೇಕಿತ್ತು. ತೆಂಗಿನಕಾಯಿಯನ್ನು ಹಿತ್ತಲಿಗೆ ಒಯ್ದು ಮುಟುವಾನ ಮಚ್ಚಿನಿಂದ ಸಿಪ್ಪೆ ಸೀಳತೊಡಗಿದೆ. ಎರಡನೆಯ ಸಿಪ್ಪೆ ಎಳೆದಾಗ ನಾರಿನ ನಡುವೆ ಏನೋ ಬೆರಳಿಗೆ ಗಟ್ಟಿಯಾಗಿ ತಾಗಿತು. ಬಿಡಿಸಿ ನೋಡಿದೆ. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ, ಬೂದು ಬಣ್ಣದ ಒಂದು ಸೀಸದ ಚರೆ. ತೋಟಾ ಸಿಡಿದಾಗ ಚದುರುವ ನೂರಾರು ಚರೆಗಳಲ್ಲಿ ಒಂದೇ ಒಂದು. ಹೊರಗಿನಿಂದ ಅದು ಹೊಕ್ಕ ಜಾಗ ಕುಂಕುಮದ ಕೆಳಗೆ ಮುಚ್ಚಿಹೋಗಿತ್ತು.

ಒಂದು ಚರೆಯನ್ನು ಈ ದೇಶದ ಕಾನೂನು ಮದ್ದುಗುಂಡು ಎಂದು ಕರೆಯುತ್ತದೆಯೇ ಎಂದು ಒಂದು ಕ್ಷಣ ಯೋಚಿಸಿದೆ. ಕರೆಯುವುದಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ನಲ್ಲಿಯಲ್ಲಿ ತೊಳೆದು, ಬಲ್ಯಪ್ಪನ ಕಾಫಿ ಲೋಟದ ಪಕ್ಕ, ಬಿಳಿ ತಟ್ಟೆಯ ನಡುವೆ ಇಟ್ಟೆ. ಅವರು ಕೋಣೆಯಿಂದ ಬರುವ ಚಪ್ಪಲಿ ಸದ್ದು ಕೇಳಿಸಿತು. ನಾನು ದೋಸೆ ಹುಯ್ಯಲು ಒಳಗೆ ಹೋದೆ.

ಮೊದಲ ದೋಸೆ ತಿರುವಿ ಹಾಕುವಷ್ಟರಲ್ಲಿ ಹೊರಗಿನಿಂದ ಬಲ್ಯವ್ವನನ್ನು ಕರೆಯುವ ಬಲ್ಯಪ್ಪನ ಕೂಗು ಕೇಳಿತು.

"ಏ, ಇವಳೇ! ಕನ್ನಡಕ ಹಾಕಿಕೊಂಡು ಬಾ ಇಲ್ಲಿ!"